ಓದುಗರ ಪ್ರಶ್ನೆ: ನಿದ್ದೆ ಕೆಡಿಸದ ಡಿಕಾಕ್ಷನ್

ಪ್ರಶ್ನೆ: ನಮ್ಮ ಯಜಮಾನರಿಗೆ ಅರವತ್ತೆಂಟು ವರ್ಷ. ರಾತ್ರಿ ಒಂದು ಗಂಟೆಯಾದರೂ ನಿದ್ದೆ ಹತ್ತುವುದಿಲ್ಲ. ಮಧ್ಯಾಹ್ನದ ಮೇಲೆ ಕಾಫಿ ಮುಟ್ಟಬೇಡಿ ಅಂದಿದ್ದಾರೆ ಡಾಕ್ಟರು. ಸಂಜೆ ಐದಕ್ಕೆ ಕಾಫಿ ಇಲ್ಲವೆಂದರೆ ಇವರ ಮುಖ ನೋಡುವ ಹಾಗಿಲ್ಲ. ಮಗಳು ಡಿಕ್ಯಾಫ್, ಅಂದರೆ ನಿದ್ದೆ ಓಡಿಸುವ ಕೆಫೀನ್ ತೆಗೆದ ಕಾಫಿಯ ಇನ್‌ಸ್ಟಂಟ್ ಬಾಟಲಿ ತಂದುಕೊಟ್ಟಳು. ಒಂದು ಗುಟುಕು ಕುಡಿದು ‘ಲೋಟ ತೊಳೆದ ನೀರು’ ಅಂತ ಸಿಂಕಿಗೆ ಸುರಿದರು. ಫಿಲ್ಟರಿಗೆ ಹಾಕುವಂಥ, ರುಚಿಯಾದ ಡಿಕ್ಯಾಫ್ ಇದೆಯೇ? ಕೆಮಿಕಲ್ ಹಾಕಿ ಕೆಫೀನ್ ತೆಗೆಯುತ್ತಾರಂತೆ, ಅದೂ ಒಂದು ಹೆದರಿಕೆ. ಅಥವಾ ಸುಮ್ಮನೆ ಚಿಕೋರಿ ಜಾಸ್ತಿ ಮಾಡಿಸಿದರೆ ಸಾಕೇ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ತಾಯೀ, ಮೊದಲು ಚಿಕೋರಿ ವಿಷಯ ಮುಗಿಸಿಬಿಡೋಣ. ಗಾಂಧಿ ಬಜಾರಿನ ಕಾಫಿ ಪುಡಿ ಅಂಗಡಿಯಲ್ಲಿ ನಾನು ತಕ್ಕಡಿ ಹಿಡಿದಿದ್ದ ಕಾಲದಿಂದಲೂ ಈ ಮಾತು ಕೇಳುತ್ತಿದ್ದೇನೆ: ‘ಡಾಕ್ಟರು ಕಾಫಿ ಕಮ್ಮಿ ಮಾಡಿ ಅಂದಿದ್ದಾರೆ, ಚಿಕೋರಿ ನಲವತ್ತು ಹಾಕಿ.’ ಚಿಕೋರಿ ಬೇರು, ಅದರಲ್ಲಿ ಕೆಫೀನ್ ಇಲ್ಲ, ನಿಜ. ಆದರೆ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದೆಂಬುದು ನಮ್ಮ ಕಾನೂನು. ಅಂದರೆ ಎಷ್ಟೇ ಚಿಕೋರಿ ಸುರಿಸಿದರೂ ಕೆಫೀನ್ ಅರ್ಧಕ್ಕೆ ಇಳಿಯಬಹುದು, ಅಷ್ಟೇ. ಇನ್ನೊಂದು ಕೊಕ್ಕೆ ಇದೆ. ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ: ಅರೇಬಿಕಾ ಬೀಜದಲ್ಲಿ ಕೆಫೀನ್ ಹೆಚ್ಚೂ ಕಡಿಮೆ ಶೇ 1.2, ರೋಬಸ್ಟಾದಲ್ಲಿ 2ಕ್ಕೂ ಮೇಲೆ. ಚಿಕೋರಿ ಜಾಸ್ತಿಯಿರುವ ಅಗ್ಗದ ಪುಡಿಗೆ ರೋಬಸ್ಟಾವನ್ನೇ ತುಂಬುವುದು ವ್ಯಾಪಾರದ ವಾಡಿಕೆ. ಅರ್ಧ ರೋಬಸ್ಟಾ, ಅರ್ಧ ಚಿಕೋರಿ ಆಯಿತೆಂದರೆ ಕೆಫೀನ್ ಲೆಕ್ಕ ಮತ್ತೆ ಶುದ್ಧ ಅರೇಬಿಕಾದ ಹತ್ತಿರಕ್ಕೇ ಬಂದು ನಿಂತಿತು. ರುಚಿಯೂ ಹೋಯಿತು, ನಿದ್ದೆಯೂ ಬರಲಿಲ್ಲ.

ಡಾಕ್ಟರು ಹೇಳಿದ್ದು ಸರಿಯಾಗೇ ಇದೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಮೈಯಿಂದ ಹೋಗುವುದಕ್ಕೆ ಸುಮಾರು ಐದು ಗಂಟೆ ಬೇಕು. ಐದಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹತ್ತಕ್ಕೂ ಒಳಗೇ ಇರುತ್ತದೆ. ಆದ್ದರಿಂದ ಸಂಜೆಗೆ ಡಿಕ್ಯಾಫೇ ದಾರಿ. ಅದರಲ್ಲೂ ಒಂದು ಚೂರು ಕೆಫೀನ್ ಉಳಿದಿರುತ್ತದೆ. ಹುರಿದ ಡಿಕ್ಯಾಫ್ ಬೀಜಕ್ಕೆ ಯುರೋಪಿನಲ್ಲಿ ಹಾಕಿರುವ ಮಿತಿ ಶೇ 0.1. ಆ ಚೂರಿಗೆ ನಿದ್ದೆಗೆಡುವವರು ಕಡಿಮೆ.

ಇನ್ನು ನಿಮ್ಮ ಯಜಮಾನರು ಸಿಂಕಿಗೆ ಸುರಿದದ್ದು. ಅವರ ನಾಲಿಗೆ ಚೆನ್ನಾಗಿದೆ, ಬೈಯಬೇಡಿ. ಆದರೆ ಕೆಫೀನ್ ಹೋದರೆ ರುಚಿಯೂ ಹೋಯಿತು ಅಂತ ತೀರ್ಮಾನಿಸಬೇಡಿ. ಕೆಫೀನಿಗೆ ವಾಸನೆಯೇ ಇಲ್ಲ, ಕಾಫಿಯ ಕಹಿಯಲ್ಲೂ ಅದರ ಪಾಲು ಸಣ್ಣದು. ಹೆಚ್ಚಿನ ಕಹಿ ಹುಟ್ಟುವುದು ಹುರಿಯುವಾಗ. ಡಿಕ್ಯಾಫಿಗೆ ಕೆಟ್ಟ ಹೆಸರು ತಂದದ್ದು ಹಳಸಲು ಪುಡಿ. ಕೆಫೀನ್ ತೆಗೆಯುವುದು ಹುರಿಯುವ ಮುಂಚೆ, ಹಸಿ ಬೀಜದಿಂದ. ನೆನೆಸಿ, ತೊಳೆದು, ಮತ್ತೆ ಒಣಗಿಸುವ ಹೊತ್ತಿಗೆ ಬೀಜದ ಒಡಲು ಸಡಿಲವಾಗಿರುತ್ತದೆ. ಹುರಿದ ಮೇಲೆ ಘಮ ಬೇಗ ಹಾರುತ್ತದೆ, ಎಣ್ಣೆ ಬೇಗ ಮೇಲೆ ಬರುತ್ತದೆ. ಮಾಮೂಲಿ ಕಾಫಿ ತಡೆದುಕೊಳ್ಳುವಷ್ಟು ದಿನ ಇದು ತಡೆಯದು. ಅಂಥದ್ದನ್ನು ಪುಡಿ ಮಾಡಿ ತಿಂಗಳುಗಟ್ಟಲೆ ಸೂಪರ್‌ಮಾರ್ಕೆಟ್ ಶೆಲ್ಫಿನಲ್ಲಿಟ್ಟರೆ ಏನು ಉಳಿದೀತು?

ಹಾಗಾಗಿ ನನ್ನ ಮಾತು ಒಂದೇ: ಪುಡಿ ಬೇಡ, ಬೀಜ ತನ್ನಿ, ಪೊಟ್ಟಣದ ಮೇಲೆ ಹುರಿದ ತಾರೀಖು ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ. ‘ಬೆಸ್ಟ್ ಬಿಫೋರ್’ ಬೇರೆ, ಹುರಿದ ತಾರೀಖು ಬೇರೆ. ಹುರಿದು ಮೂರು ವಾರ ಮೀರದ ಬೀಜವಾದರೆ ಒಳ್ಳೆಯದು. ಗಾಂಧಿ ಬಜಾರು, ನಿಮ್ಮ ಎಂಟನೇ ಕ್ರಾಸಿನ ಕಡೆಯ ಹಳೇ ಪುಡಿ ಅಂಗಡಿಗಳಲ್ಲಿ ಪೀಬೆರಿ, ಪ್ಲಾಂಟೇಷನ್ ಎ ದರ್ಜೆಯ ಬೀಜ ಕಣ್ಣೆದುರೇ ಬೀಸಿಕೊಡುತ್ತಾರೆ; ಡಿಕ್ಯಾಫ್ ಕೇಳಿದರೆ ಬಹಳ ಕಡೆ ತಲೆ ಅಲ್ಲಾಡಿಸುತ್ತಾರೆ. ಇಂದಿರಾನಗರ, ಕೋರಮಂಗಲ, ಜಯನಗರದ ಕಡೆ ತಾವೇ ಹುರಿದು ಮಾರುವ ಹೊಸ ಕಾಲದ ರೋಸ್ಟರಿಗಳಲ್ಲಿ ವಿಚಾರಿಸಿ, ಆನ್‌ಲೈನಿನಲ್ಲೂ ತರಿಸಬಹುದು. ಬೆಲೆ ಜಾಸ್ತಿಯೇ. 250 ಗ್ರಾಂ ಮೇಲೆ ಒಟ್ಟಿಗೆ ಕೊಳ್ಳಬೇಡಿ.

ಹಾಲಿಗೆ ಹೊಂದಬೇಕಲ್ಲ, ಮೀಡಿಯಂ-ಡಾರ್ಕ್ ಹುರಿದ ಅರೇಬಿಕಾ ಕೇಳಿ. ತೀರ ಲೈಟ್ ಆದರೆ ಹಾಲು ಹಾಕಿದ ಮೇಲೆ ಹುಳಿಹುಳಿ. ಬಣ್ಣ ನೋಡಿ ಮಾತ್ರ ಮೋಸಹೋಗಬೇಡಿ. ಡಿಕ್ಯಾಫ್ ಬೀಜ ಹಸಿಯಿರುವಾಗಲೇ ಕಂದು ಬಣ್ಣ, ಹಾಗಾಗಿ ಹದವಾಗಿ ಹುರಿದದ್ದೂ ಕಪ್ಪಗೇ ಕಾಣುತ್ತದೆ.

ಕೆಮಿಕಲ್ ಹೆದರಿಕೆಗೆ ಬರೋಣ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಬ್ರೆಮೆನ್ ನಗರದ ಲುಡ್ವಿಗ್ ರೋಸೆಲಿಯಸ್ ಎಂಬಾತ ಡಿಕ್ಯಾಫನ್ನು ಮೊದಲು ಮಾರುಕಟ್ಟೆಗೆ ತಂದಾಗ ಬಳಸಿದ್ದು ಬೆಂಜೀನ್. ಅದು ನಿಜವಾದ ವಿಷ, ಅದನ್ನು ಎಂದೋ ಕೈಬಿಟ್ಟಾಗಿದೆ. ಈಗ ಬಳಕೆಯಲ್ಲಿರುವ ಮೆಥಿಲೀನ್ ಕ್ಲೋರೈಡ್ 40 ಡಿಗ್ರಿ ಸೆಲ್ಸಿಯಸ್‌ಗೇ ಆವಿಯಾಗುತ್ತದೆ, ಬೀಜ ಹುರಿಯುವುದು 200ರ ಮೇಲೆ. ಉಳಿಯುವುದು ಏನೂ ಇಲ್ಲದಷ್ಟು. ಆದರೂ ಮನಸ್ಸು ಒಪ್ಪದಿದ್ದರೆ ಪೊಟ್ಟಣದ ಮೇಲೆ ‘ಸ್ವಿಸ್ ವಾಟರ್’ ಅಂತಿರುವುದನ್ನು ಕೊಳ್ಳಿ: ನೀರು, ಇದ್ದಿಲಿನ ಸೋಸು, ಅಷ್ಟೇ. ಹೆಸರು ಸ್ವಿಸ್, ಕಾರ್ಖಾನೆ ಇರುವುದು ಕೆನಡಾದಲ್ಲಿ. ನನ್ನ ಓಟು ‘ಶುಗರ್‌ಕೇನ್’ ಡಿಕ್ಯಾಫಿಗೆ. ಕೊಲಂಬಿಯಾದಲ್ಲಿ ಕಬ್ಬಿನಿಂದ ಬರುವ ಈಥೈಲ್ ಅಸಿಟೇಟ್ ಬಳಸಿ ಕೆಫೀನ್ ಎಳೆಯುತ್ತಾರೆ. ಮಾಗಿದ ಹಣ್ಣುಗಳಲ್ಲಿ ತಾನಾಗೇ ಇರುವ ವಸ್ತು ಅದು. ಕಪ್ಪಿನಲ್ಲಿ ಸಣ್ಣಗೆ ಒಂದು ಸಿಹಿ ಉಳಿಯುತ್ತದೆ, ನಮ್ಮ ಹಾಲಿನ ಕಾಫಿಗೆ ಅದು ಚೆನ್ನ.

ಬೀಜ ತಂದು ಅಂಗಡಿಯ ಮಿಲ್ಲಿನಲ್ಲಿ ಬೀಸಿಸಬೇಡಿ. ಹಿಂದಿನ ಗಿರಾಕಿಯ ಪುಡಿ ಮಿಲ್ಲಿನೊಳಗೆ ಅಂಟಿಕೊಂಡಿರುತ್ತದೆ, ಅದೂ ನಿಮ್ಮ ಪೊಟ್ಟಣಕ್ಕೇ ಬೀಳುವುದು. ಮಿಕ್ಸಿಯ ಒಣಗಿದ ಚಿಕ್ಕ ಜಾರಿನಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುವಿ. ಈ ಬೀಜ ಬೇಗ ಪುಡಿಯಾಗುತ್ತದೆ, ಹಿಟ್ಟಾಗುವ ಮೊದಲೇ ಕೈ ಬಿಡಿ. ಬೆರಳಲ್ಲಿ ಉಜ್ಜಿದರೆ ಸಣ್ಣ ರವೆಯ ತರಿ ಸಿಗಬೇಕು.

ಒಬ್ಬರಿಗೆ ಚಿಕ್ಕ ಫಿಲ್ಟರ್ ಸಾಕು. 15ರಿಂದ 18 ಗ್ರಾಂ ಪುಡಿ, ಅಂದರೆ ಮಾಮೂಲಿಗಿಂತ ಅರ್ಧ ಚಮಚ ಜಾಸ್ತಿ. ಡಿಕಾಕ್ಷನ್ನಿಗೆ ಗಟ್ಟಿ ಮೈ ಬೇಕೆಂದರೆ ಚಿಕೋರಿ ಶೇ 10, ಅದಕ್ಕಿಂತ ಬೇಡ. ಬಿಲ್ಲೆಯನ್ನು ಪುಡಿಯ ಮೇಲೆ ಸುಮ್ಮನೆ ಇಡಿ, ಒತ್ತಬೇಡಿ; ಈ ಪುಡಿಯಲ್ಲಿ ನುಣುಪು ದೂಳು ಜಾಸ್ತಿ, ಒತ್ತಿದರೆ ತೂತು ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದೇ ಇಲ್ಲ. ಕುದ್ದ ನೀರನ್ನು ಅರ್ಧ ನಿಮಿಷ ಆರಲು ಬಿಟ್ಟು, ಪುಡಿ ನೆನೆಯುವಷ್ಟು ಮಾತ್ರ ಮೊದಲು ಹುಯ್ಯಿರಿ. ಮಾಮೂಲಿ ತಾಜಾ ಪುಡಿಯಂತೆ ಇದು ಉಬ್ಬಿ ಗುಳ್ಳೆ ಏಳುವುದಿಲ್ಲ, ಹಳೇ ಪುಡಿ ಕೊಟ್ಟುಬಿಟ್ಟರು ಅಂದುಕೊಳ್ಳಬೇಡಿ. ಒಂದು ಕ್ಷಣ ಬಿಟ್ಟು ಉಳಿದ ನೀರು, ಒಟ್ಟು 90 ಮಿ.ಲೀ. ಹತ್ತಿಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ. ಹಾಲು ಹದವಾಗಿ ಕಾಯಲಿ, ಡಿಕಾಕ್ಷನ್ನನ್ನು ಒಲೆಯ ಮೇಲಿಡಬೇಡಿ. ಮತ್ತೆ, ಯಜಮಾನರಿಗೆ ಮೊದಲೇ ಹೇಳಬೇಡಿ. ಕುಡಿದು ಮುಗಿಸಲಿ.

ಪ್ರಶ್ನೆ: ನನಗೆ ನಿದ್ದೆಗೆ ತೊಂದರೆಯಿಲ್ಲ, ಗ್ಯಾಸ್ಟ್ರಿಕ್. ಡಿಕ್ಯಾಫಿಗೆ ಬದಲಾಯಿಸಿದರೆ ಎದೆಯುರಿ ನಿಲ್ಲುತ್ತದೆಯೇ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಕೆಲವರಿಗೆ ಕಡಿಮೆಯಾಗುತ್ತದೆ, ನಿಲ್ಲುತ್ತದೆ ಅಂತ ಹೇಳಲಾರೆ. ಹೊಟ್ಟೆಯಲ್ಲಿ ಆಸಿಡ್ ಹೆಚ್ಚಿಸುವುದು ಕೆಫೀನ್ ಒಂದೇ ಅಲ್ಲ, ಡಿಕ್ಯಾಫ್ ಕೂಡ ಹೆಚ್ಚಿಸುತ್ತದೆ. ಸ್ವಾಮಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುವ ಆ ಮೊದಲ ಲೋಟವನ್ನು ತಿಂಡಿಯ ನಂತರಕ್ಕೆ ಹಾಕಿ ನೋಡಿ. ಆಮೇಲೂ ಉರಿ ಇದ್ದರೆ ಡಾಕ್ಟರನ್ನು ಕೇಳಿ, ನನ್ನನ್ನಲ್ಲ.

ಪ್ರಶ್ನೆ: ಡಿಕ್ಯಾಫ್ ಬೇಗ ಹಳಸುತ್ತದೆ ಅನ್ನುತ್ತಾರೆ. ಫ್ರಿಜ್ಜಿನಲ್ಲಿ ಇಡಬಹುದೇ?
– ಓದುಗರೊಬ್ಬರು, ಬನಶಂಕರಿ

ಉತ್ತರ: ದಿನಾ ತೆಗೆದು ಹಾಕಿ ಮಾಡುವ ಡಬ್ಬಿಯನ್ನು ಬೇಡ. ತೇವ ಕೂರುತ್ತದೆ, ನಿನ್ನೆಯ ಸಾರಿನ ಇಂಗಿನ ವಾಸನೆಯನ್ನೂ ಬೀಜ ಹೀರಿಕೊಳ್ಳುತ್ತದೆ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ, ಕತ್ತಲೆ ಬೀರುವಿನಲ್ಲಿಡಿ. ಒಂದು ವಾರಕ್ಕಾಗುವಷ್ಟು ಹೊರಗಿಟ್ಟುಕೊಂಡು, ಮಿಕ್ಕಿದ್ದನ್ನು ಜಿಪ್ ಕವರಿನಲ್ಲಿ ಗಾಳಿ ಹಿಂಡಿ ಫ್ರೀಜರಿಗೆ ಹಾಕಬಹುದು. ಹೊರತೆಗೆದಾಗ ಕವರಿನ ತಣ್ಣಗೆಲ್ಲ ಪೂರ್ತಿ ಬಿಟ್ಟ ಮೇಲೇ ಬಿಚ್ಚಬೇಕು.