ಅಣ್ಣತಮ್ಮಂದಿರ ಕಾಫಿ ತೋಟದ ಪಾಲು ಎರಡು ಸಲ ಮುರಿದುಬಿದ್ದಿದೆ, ಮೂರನೇ ಸಲ ಹೇಗೆ ಕೂರಿಸಲಿ?

ನೀವು ಬರೆದಿರುವುದು ಇಷ್ಟು: ಮೂಡಿಗೆರೆ ಕಡೆ 12 ಎಕರೆ ತೋಟ, ಹಳೇ ಮನೆ, ಒಂದು ಕೆರೆ. ಚಿಕ್ಕಪ್ಪ ವಿಲ್ ಮಾಡದೆ ತೀರಿಕೊಂಡರು. ಚಿಕ್ಕಮ್ಮ, ಒಬ್ಬಳು ಮಗಳು, ಇಬ್ಬರು ಗಂಡುಮಕ್ಕಳು ಇದ್ದಾರೆ. ಎರಡು ಸಲ ಪಂಚಾಯ್ತಿ ಕೂತು ಎದ್ದುಹೋದವರು ಈಗ ‘ನೀವೇ ನಿಂತು ಬಗೆಹರಿಸಿ’ ಅನ್ನುತ್ತಿದ್ದಾರೆ.

ನ್ಯಾಯ ಹೇಳಲು ಹೋಗಬೇಡಿ. ಪಂಚಾಯ್ತಿಯಲ್ಲಿ ಹಿರಿಯರು ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಕೇಳಿ, ಕೊನೆಗೆ ‘ಹೀಗೆ ಮಾಡಿ’ ಅನ್ನುತ್ತಾರೆ. ಹತ್ತು ಜನರೆದುರು ‘ರಸ್ತೆ ಪಕ್ಕದ್ದು ನನಗೇ’ ಅಂದುಬಿಟ್ಟವನಿಗೆ ಆಮೇಲೆ ಜಮೀನು ಬಿಡುವುದು ಕಷ್ಟವಲ್ಲ, ಆಡಿದ ಮಾತು ಬಿಡುವುದು ಕಷ್ಟ. ಮಧ್ಯಸ್ಥಿಕೆಯಲ್ಲಿ ತೀರ್ಮಾನ ಪಾಲುದಾರರದ್ದೇ, ಮಾತು ಮುಂದಕ್ಕೆ ಹೋಗುವಂತೆ ನೋಡಿಕೊಳ್ಳುವುದಷ್ಟೇ ನಿಮ್ಮದು. ಹಾಗಾಗಿ ಮೊದಲ ಸುತ್ತು ಒಬ್ಬೊಬ್ಬರ ಜೊತೆ ಬೇರೆ ಬೇರೆಯಾಗಿಯೇ ಆಗಲಿ. ಎಲ್ಲರಿಗೂ ಸಮಾನ ಸಮಯ ಕೊಡಿ, ತಲಾ ನಲವತ್ತು ನಿಮಿಷ ಸಾಕು. ಒಬ್ಬರ ಜೊತೆ ಎರಡು ಗಂಟೆ ಕೂತರೆ ಉಳಿದವರು ನಿಮ್ಮನ್ನು ಆ ಕಡೆಯವರೆಂದೇ ಲೆಕ್ಕ ಹಾಕುತ್ತಾರೆ. ಏಳುವ ಮುಂಚೆ ‘ಇದರಲ್ಲಿ ಯಾವುದನ್ನು ಅವರಿಗೆ ಹೇಳಬಹುದು?’ ಎಂದು ಕೇಳಿ, ಒಪ್ಪಿದ್ದನ್ನು ಮಾತ್ರ ದಾಟಿಸಿ.

ಆ ಸುತ್ತಿನಲ್ಲಿ ‘ಎಷ್ಟು ಬೇಕು’ ಅಂತ ಕೇಳಬೇಡಿ, ‘ಅದು ಯಾಕೆ ಬೇಕು’ ಅಂತ ಕೇಳಿ. ಕೆರೆ ಬೇಕು ಅನ್ನುವವನಿಗೆ ಕೆರೆಯ ಗುಂಟೆ ಬೇಡ, ಫೆಬ್ರವರಿ-ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಗೆ ಹೂವಿನ ನೀರು, ಅಂದರೆ ಹೂ ಅರಳಿಸಲು ಹಾಯಿಸುವ ನೀರು, ತಪ್ಪಬಾರದು. ಮನೆ ಬೇಕು ಅನ್ನುವವನಿಗೆ ಅಮ್ಮ ತನ್ನ ಜೊತೆ ಇರಬೇಕೆಂಬ ಆಸೆ ಇರಬಹುದು. ಆಗ ಚಿಕ್ಕಮ್ಮ ಎಲ್ಲಿರಲು ಇಷ್ಟಪಡುತ್ತಾರೆ ಎಂದು ಅವರನ್ನೇ ಕೇಳಬೇಕು. ಎಷ್ಟೋ ಕಡೆ ಯಾರೂ ಕೇಳಿರುವುದೇ ಇಲ್ಲ.

ಮಗಳ ವಿಷಯದಲ್ಲಿ ‘ಅಕ್ಕ ಹೇಗೂ ಬರೆದುಕೊಡ್ತಾಳೆ’ ಎಂದು ಶುರುಮಾಡುವುದು ದೊಡ್ಡ ತಪ್ಪು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತದಲ್ಲೂ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ತಾಯಿಗೂ ಪಾಲಿದೆ. ಹಕ್ಕು ಬಿಡುಗಡೆ ಪತ್ರ ಕೊಡುವುದು, ಬಿಡುವುದು ಮಗಳ ಇಷ್ಟ. ಅದನ್ನು ಮೊದಲೇ ಲೆಕ್ಕದಲ್ಲಿ ಹಿಡಿದರೆ ಆಕೆ ಬಿಡಬೇಕೆಂದಿದ್ದನ್ನೂ ಬಿಡುವುದಿಲ್ಲ.

ಇನ್ನು ದುಡ್ಡಿನ ಮಾತು. ಮೊದಲು ಬಾಯಿಗೆ ಬಂದ ಸಂಖ್ಯೆ ಗೂಟ ಹೊಡೆದಂತೆ, ಮುಂದಿನ ಮಾತೆಲ್ಲ ಅದರ ಸುತ್ತಲೇ ತಿರುಗುತ್ತದೆ. ಮನಶ್ಶಾಸ್ತ್ರಜ್ಞರಾದ ಟ್ವೆರ್‌ಸ್ಕಿ ಮತ್ತು ಕಾಹ್ನೆಮನ್ ಇದನ್ನು 1974ರಲ್ಲೇ ತೋರಿಸಿದ್ದಾರೆ. ಆದ್ದರಿಂದ ಎಕರೆಗೆ ಇಷ್ಟು ಲಕ್ಷ ಅನ್ನುವ ಮೊದಲು ಒಂದು ಹಾಳೆಯಲ್ಲಿ ಬಾಬ್ತುಗಳನ್ನು ಬರೆಯಿರಿ: ಮನೆ ಮತ್ತು ಕಣ, ಕೆರೆ ಕಡೆಯ ರೋಬಸ್ಟಾ, ಮೇಲಿನ ಅರೇಬಿಕಾ, ರಸ್ತೆ ಪಕ್ಕದ ಜಾಗ, ಸಿಲ್ವರ್ ಮರ ಮತ್ತು ಮೆಣಸಿನ ಬಳ್ಳಿ, ಗದ್ದೆ. ಒಬ್ಬೊಬ್ಬರಿಗೂ ನೂರು ಅಂಕ ಕೊಟ್ಟು, ಬೇರೆಯವರಿಗೆ ತೋರಿಸದೆ ಇವುಗಳಿಗೆ ಹಂಚಲು ಹೇಳಿ. ಅಣ್ಣ ಮನೆಗೆ 45 ಹಾಕಿ, ತಮ್ಮ ಅದಕ್ಕೆ 10 ಹಾಕಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯಿತು. ಇಬ್ಬರೂ ಒಂದಕ್ಕೇ 40 ಹಾಕಿದ್ದರೆ, ಬೆಲೆ ಕಟ್ಟಲು ಹೊರಗಿನವರನ್ನು ಕರೆಯಬೇಕಾದದ್ದು ಆ ಒಂದಕ್ಕೇ.

ಸಲಹೆ ಯಾರ ಬಾಯಿಂದ ಬಂತು ಎಂಬುದು ಸಲಹೆಯಷ್ಟೇ ಮುಖ್ಯ. ‘ಅಣ್ಣ ಹೀಗಂದ’ ಎಂದ ತಕ್ಷಣ ತಮ್ಮನಿಗೆ ಅದರಲ್ಲಿ ಮೋಸ ಕಾಣುತ್ತದೆ. ಮನಶ್ಶಾಸ್ತ್ರಜ್ಞ ಲೀ ರಾಸ್ ಮತ್ತು ಜೊತೆಯವರು ಅಮೆರಿಕದಲ್ಲಿ ಅಣ್ವಸ್ತ್ರ ಕಡಿತದ ಒಂದೇ ಪ್ರಸ್ತಾಪವನ್ನು ತಮ್ಮ ಅಧ್ಯಕ್ಷ ರೇಗನ್ನರದ್ದು, ಸೋವಿಯತ್ ನಾಯಕ ಗೋರ್ಬಚೇವರದ್ದು ಎಂದು ಬೇರೆ ಬೇರೆ ಗುಂಪುಗಳಿಗೆ ಹೇಳಿ ನೋಡಿದರು. ಎದುರಾಳಿಯ ಹೆಸರು ಅಂಟಿದೊಡನೆ ಮೆಚ್ಚುವವರು ಎಷ್ಟೋ ಕಡಿಮೆಯಾದರು. ಹಾಗಾಗಿ, ಅಣ್ಣನ ಒಪ್ಪಿಗೆ ಪಡೆದು, ನೀವೇ ಎಲ್ಲರಿಗೂ ಪ್ರತ್ಯೇಕವಾಗಿ ‘ಹೀಗಾದರೆ ಹೇಗೆ?’ ಎಂದು ಕೇಳಿ.

ಹಗಲು ಒಪ್ಪಿದ್ದು ರಾತ್ರಿ ಮನೆಯಲ್ಲಿ ಮುರಿಯುತ್ತದೆ, ಏಕೆಂದರೆ ಹೆಂಡತಿ, ಭಾವ, ದೊಡ್ಡ ಮಗ ಯಾರೂ ಮಾತಿನಲ್ಲಿ ಇರಲಿಲ್ಲ. ಎರಡನೇ ಸುತ್ತಿಗೇ ಅವರನ್ನೂ ಕೇಳಿ. ಕುಯ್ಲಿನ ಹೊತ್ತಿಗೆ ಎಲ್ಲರ ಎದುರಿನ ಕೂಟ ಇಟ್ಟುಕೊಳ್ಳಬೇಡಿ. ಅದಕ್ಕೂ ಮೊದಲು ಸಣ್ಣದೊಂದು ಒಪ್ಪಂದ ಆಗಿಬಿಡಲಿ: ಈ ವರ್ಷದ ಫಸಲನ್ನು ಯಾರು ಕುಯ್ಯಿಸಬೇಕು, ದುಡ್ಡು ಯಾವ ಜಂಟಿ ಖಾತೆಗೆ, ಆಳಿನ ಖರ್ಚು ಹೇಗೆ. ಇದೊಂದು ನಡೆದರೆ ‘ನಾವು ಒಪ್ಪಬಲ್ಲೆವು’ ಎಂಬ ನಂಬಿಕೆ ಹುಟ್ಟುತ್ತದೆ.

ಬರೆಯುವಾಗ ‘ಕೆರೆ ನೀರು ಎಲ್ಲರಿಗೂ ಸಮ’ ಎಂದು ಬಿಟ್ಟರೆ ಮೊದಲ ಬೇಸಿಗೆಗೇ ಹೊಡೆದಾಟ. ರೋಬಸ್ಟಾಕ್ಕೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ವಾರ ನೀರು ಬೇಕು, ಸುಮಾರು ಮೂರು ವಾರಕ್ಕೆ ಮತ್ತೆ ಬ್ಯಾಕಿಂಗ್ ನೀರು, ಅಂದರೆ ಹೂ ಆದ ಮೇಲೆ ಕಾಯಿ ನಿಲ್ಲಲು ಕೊಡುವ ಎರಡನೇ ನೀರು. ‘ವಾರಕ್ಕೆ ಎರಡು ದಿನ’ ಎಂಬ ಪಾಳಿ ಇಲ್ಲಿ ನಡೆಯದು. ಈ ವರ್ಷ ಮೊದಲು ಯಾರು, ಮುಂದಿನ ವರ್ಷ ಯಾರು, ಒಬ್ಬರಿಗೆ ಎಷ್ಟು ಗಂಟೆ ಮೋಟಾರ್, ಪೈಪ್ ಯಾರ ಪಾಲಿನ ಮೇಲೆ ಹಾಯುತ್ತದೆ, ಮೋಟಾರ್ ಸುಟ್ಟರೆ ಯಾರು ಕೊಡಬೇಕು, ಇಷ್ಟೂ ಬರಲಿ. ಲಾರಿ ಹೋಗುವ ದಾರಿಯ ಅಗಲವನ್ನು ಅಡಿಯಲ್ಲಿ ಬರೆಯಿರಿ. ಸರ್ವೆ ಮಾಡಿಸಿ 11ಇ ನಕ್ಷೆ (ಜಮೀನು ಭಾಗ ಮಾಡುವಾಗ ಸರ್ವೆ ಇಲಾಖೆ ಕೊಡುವ ನಕ್ಷೆ) ತೆಗೆಸಿ, ವಿಭಾಗ ಪತ್ರ ನೋಂದಣಿ ಮಾಡಿಸಿ.

ನಿಮ್ಮಿಂದ ಆಗದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ದಾವೆ ಹೂಡಿರಬೇಕೆಂದೇನಿಲ್ಲ. ಆ ಪ್ರಾಧಿಕಾರ ನಡೆಸುವ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಕೆರೆ ಮತ್ತು ದಾರಿಯ ಸಾಲುಗಳನ್ನು ನಾಲ್ವರಿಗೂ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ ಹಾಕಿಸಿ.