ಕಾದಂಬರಿಗೆ ಅಷ್ಟು ಪುಟ ಯಾಕೆ ಅಂದ್ರೆ

ಕುಂದಾಪುರದಿಂದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ರು ಕಾಗದ ಬರ್ದಿದ್ದಾರೆ. ಅರವತ್ತು ದಾಟಿದ ಮೇಲೆ ಕಾದಂಬರಿ ಬಿಟ್ರಂತೆ, ಈಗ ಇತಿಹಾಸ, ಅರ್ಥಶಾಸ್ತ್ರ, ವಿಜ್ಞಾನ ಮಾತ್ರ. ‘ಯಾರೋ ಕಟ್ಟಿದ ಕತೆಗೆ ನಿಮ್ಮ ಪತ್ರಿಕೆಯಲ್ಲಿ ಅಷ್ಟು ಪುಟ ಯಾಕೆ?’ ಅಂತ ಪ್ರಶ್ನೆ.

ನೋಡಿ ಸರ್, ಮಾಹಿತಿಯ ಪುಸ್ತಕ ಬೇಡ ಅಂತ ನಾನು ಹೇಳುದಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ನಮ್ಮ ಮನೆಯಲ್ಲಿ ಬೈಂಡ್ ಕಿತ್ತು ಬರುವಷ್ಟು ಓದಿ ಆಗಿದೆ. ಆದ್ರೆ ಕಟ್ಟಿದ ಕತೆ ಅಂದ್ರಲ್ಲ, ಅದು ನಂಗೆ ಬೇಜಾರಾಯ್ತು ಮಾರಾಯ್ರೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಮೊನ್ನೆ ಇನ್ನೊಮ್ಮೆ ಓದಿದೆ, 2013ರದ್ದು, ಒಂದು ಮಧ್ಯಾಹ್ನಕ್ಕೆ ಮುಗಿಯುವ ಪುಸ್ತಕ. ಇಕ್ಕಟ್ಟಿನ ಮನೆ, ಎಲ್ಲಿ ನೋಡಿದ್ರೂ ಇರುವೆ, ಮನೆಯವರೆಲ್ಲ ಸೇರಿ ಅದನ್ನು ಕೊಲ್ತಾರೆ, ಆಮೇಲೆ ಕೊಲ್ಲುದು ಕೈಗೆ ಅಭ್ಯಾಸವೇ ಆಗಿಬಿಡ್ತದೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದುಡ್ಡು ಬಂತು, ದೊಡ್ಡ ಮನೆ ಬಂತು, ಇರುವೆ ಹೋಯ್ತು, ಆದ್ರೆ ಆ ಕೈ ಹೋಗಿಲ್ಲ. ದಿಢೀರ್ ದುಡ್ಡು ಒಂದು ಮನೆಯನ್ನು ಎಂತ ಮಾಡ್ತದೆ ಅಂತ ಯಾವ ಅರ್ಥಶಾಸ್ತ್ರದ ಪುಸ್ತಕವೂ ನಂಗೆ ಇಷ್ಟು ಹತ್ತಿರದಿಂದ ತೋರಿಸಿಲ್ಲ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ತಗೊಳ್ಳಿ. ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದವ ನಾನು. ಲಿಸ್ಬನ್ನಲ್ಲಿ ತೇಜೋ ನದಿ ದಂಡೆಯ ಬಡವರು ಯಾಕೆ ಹಡಗು ಹತ್ತಿದ್ರು ಅಂತ ಗೊತ್ತಾದದ್ದು ಈ ಕಾದಂಬರಿಯಿಂದ. ಅದು ಓದಿದ ಮೇಲೆ ಮಂಗಳೂರು ಬಂದರ್‌ನ ಗೋದಾಮಿನ ಎದುರು ಹೋಗುವಾಗ ಒಳ್ಳೆಮೆಣಸಿನ ಗೋಣಿಯ ಘಾಟು ಮೂಗಿಗೆ ಬಡಿದ್ರೆ ಸಾಕು, ಕಾಲು ತಾನಾಗಿ ನಿಲ್ತದೆ.

ತಪ್ಪು ನಿಮ್ಮೊಬ್ಬರದ್ದಲ್ಲ ಬಿಡಿ. ನಮ್ಮ ಜಿಲ್ಲೆಗಳಲ್ಲಿ ಮಗು ಕತೆ ಪುಸ್ತಕ ಹಿಡಿದ್ರೆ ‘ಮೊದ್ಲು ಓದು’ ಅಂತಾರೆ, ಅದು ಓದೇ ಅಲ್ವಂತೆ! ಪಿಯುಸಿಗೆ ಬಂದ್ರೆ ಸಿಇಟಿ, ನೀಟ್ ಗೈಡ್, ಕೆಲಸ ಸಿಕ್ಕಿದ್ರೆ ಶ್ರೀಮಂತ ಆಗುವ ಉಪಾಯದ ಪುಸ್ತಕ, ಮದುವೆಗೆ ಉಡುಗೊರೆ ಕೊಡುದೂ ಅದನ್ನೇ. ಹತ್ತು ಸೂತ್ರ ಗೊತ್ತು, ಪಕ್ಕದ ಮನೆಯವ ಯಾಕೆ ಮಾತು ಬಿಟ್ಟ ಅಂತ ಗೊತ್ತಿಲ್ಲ.

ನಿಮ್ಮ ಬ್ಯಾಂಕಿನ ವಿಷಯವೇ ನೋಡಿ, ಸಿಂಡಿಕೇಟ್ ಅಂತ ಬರ್ದಿದ್ದೀರಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದು, 1928ರಿಂದ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಪಿಗ್ಮಿ ಎತ್ತಿದ್ದು, 2020ರ ಏಪ್ರಿಲ್ 1ಕ್ಕೆ ಕೆನರಾ ಜೊತೆ ವಿಲೀನ, ಇದೆಲ್ಲ ದಾಖಲೆಯಲ್ಲಿ ಉಂಟು. ಆದ್ರೆ ನಿಮ್ಮ ಕಾಗದದ ಕೊನೆಗೆ, ಸಹಿಯ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲುಂಟು: ಬೋರ್ಡ್ ಇಳಿಸುವಾಗ ಹಳೇ ಪಿಗ್ಮಿ ಕಲೆಕ್ಟರ್ ಒಬ್ರು ರಸ್ತೆಯ ಆಚೆ ಬದಿ ಚಪ್ಪಲಿ ಬಿಟ್ಟು ನಿಂತಿದ್ರು ಅಂತ. ಅವರು ಯಾಕೆ ಚಪ್ಪಲಿ ಬಿಟ್ರು ಸರ್? ಅದನ್ನು ಬರ್ದು ಕಳ್ಸಿ, ಎಷ್ಟು ಪುಟ ಆದ್ರೂ ಅಡ್ಡಿಲ್ಲ, ಜಾಗ ಇಟ್ಟಿರ್ತೇನೆ.

– ಸಂ.