ಹರಾಜಿನಲ್ಲಿ ಕೂಗುವ ಮುನ್ನ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಹಳೆಯ ಟರ್ನ್‌ಟೇಬಲ್, ಆಂಪ್ಲಿಫೈಯರ್, ರೇಡಿಯೊಗಳನ್ನು ಆನ್‌ಲೈನ್ ಹರಾಜಿನಲ್ಲಿ ನಂಬಿ ಕೊಳ್ಳಬಹುದೇ? ಹಾಸನದ ಬಿ.ಎಂ. ರಸ್ತೆಯ ಪಕ್ಕದ ಓಣಿಯಲ್ಲಿ ಇಂಥವನ್ನು ರಿಪೇರಿ ಮಾಡುತ್ತಲೇ ನನ್ನ ತಲೆ ನರೆತಿದೆ. ಕೊಂಡವರ ಸಂತೋಷವೂ ಸಂಕಟವೂ ಕೊನೆಗೆ ನನ್ನ ಮೇಜಿನ ಮೇಲೆಯೇ ಬಂದು ಕೂರುತ್ತವೆ. ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಜಪಾನಿನ ಹರಾಜು ತಾಣದಲ್ಲಿ 1970ರ ದಶಕದ ಟರ್ನ್‌ಟೇಬಲ್ ಒಂದು ಬೆಂಗಳೂರಿನ ಬೆಲೆಯ ಕಾಲುಭಾಗಕ್ಕೆ ಕಾಣುತ್ತಿದೆ. ‘ಪರೀಕ್ಷಿಸಿಲ್ಲ’ ಎಂದು ಬರೆದಿದ್ದಾರೆ. ತಂದೆಯವರು ಬಿಟ್ಟುಹೋದ ರೆಕಾರ್ಡುಗಳನ್ನು ಮತ್ತೆ ಕೇಳಬೇಕೆಂಬ ಆಸೆ. ಕೂಗಬಹುದೇ? ರೇಡಿಯೊ ಇರುವ ರಿಸೀವರ್ ಕೂಡ ಅಲ್ಲಿ ಅಗ್ಗವಾಗಿದೆ.
— ನಿವೃತ್ತ ಶಿಕ್ಷಕರು, ಸಕಲೇಶಪುರ

ಉತ್ತರ: ಮೇಷ್ಟರೇ, ಮೊದಲು ಆ ‘ಪರೀಕ್ಷಿಸಿಲ್ಲ’ ಎಂಬುದನ್ನೇ ನೋಡಿ. ಮನೆಯಲ್ಲಿ ಪ್ಲಗ್ ಪಾಯಿಂಟ್ ಇರುವ ಯಾರಿಗಾದರೂ ಟರ್ನ್‌ಟೇಬಲ್ ತಿರುಗುತ್ತದೆಯೋ ಇಲ್ಲವೋ ನೋಡಲು ಎರಡು ನಿಮಿಷ ಸಾಕು. ನೋಡಿಲ್ಲ ಎಂದರೆ ಎರಡರಲ್ಲೊಂದು: ನೋಡಿದ್ದಾರೆ, ಕೆಟ್ಟಿದೆ, ಇಲ್ಲವೇ ಯಾರದೋ ಮನೆ ಖಾಲಿ ಮಾಡಿದಾಗ ಸಿಕ್ಕ ಸಾಮಾನನ್ನು ಒಟ್ಟಾಗಿ ತಂದು ಮಾರುತ್ತಿದ್ದಾರೆ. ಎರಡರಲ್ಲಿಯೂ ನೀವು ಕೊಡಬೇಕಾದ್ದು ಕೆಟ್ಟ ಯಂತ್ರದ ಬೆಲೆ. ಜಪಾನಿನ ಹರಾಜುಗಳಲ್ಲಿ ‘ಜಂಕ್’ ಎಂಬ ಗುರುತೂ ಇರುತ್ತದೆ. ಅದಿದ್ದರೆ ವಾಪಸು ಕೊಡುವ ಮಾತನ್ನು ಮರೆತುಬಿಡಬೇಕು.

ಎರಡನೆಯದು ವಿದ್ಯುತ್ತು. ನಮ್ಮದು 230 ವೋಲ್ಟ್, ಜಪಾನಿನದು 100. ನೇರವಾಗಿ ಚುಚ್ಚಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 110 ವೋಲ್ಟಿನದು, ಅದನ್ನು ಒಪ್ಪಬೇಡಿ. ನಮ್ಮಲ್ಲಿ ವೋಲ್ಟೇಜ್ ಏರಿದ ಹೊತ್ತಿನಲ್ಲಿ ಅದು ಇನ್ನಷ್ಟು ಮೇಲಕ್ಕೆ ಹೋಗುತ್ತದೆ. 100 ವೋಲ್ಟಿಗೇ ಸುತ್ತಿಸಿಕೊಳ್ಳಿ. ಯಂತ್ರದ ಹಿಂದೆ ನಮೂದಾಗಿರುವ ವ್ಯಾಟಿನ ಎರಡರಷ್ಟು ಸಾಮರ್ಥ್ಯ ಇರಲಿ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ವಿದ್ಯುತ್ತಿನ ಆವರ್ತನವನ್ನು ಬದಲಿಸುವುದಿಲ್ಲ. ನಮ್ಮದು 50 ಹರ್ಟ್ಜ್. ಜಪಾನಿನಲ್ಲಿ ಟೋಕಿಯೊ ಇರುವ ಪೂರ್ವಭಾಗದಲ್ಲಿ 50, ಒಸಾಕಾ ಇರುವ ಪಶ್ಚಿಮದಲ್ಲಿ 60. ಹಳೆಯ ಬೆಲ್ಟ್ ಟರ್ನ್‌ಟೇಬಲ್‌ಗಳಲ್ಲಿ ಬಹಳಷ್ಟರ ಮೋಟಾರು ಈ ಆವರ್ತನವನ್ನೇ ಹಿಡಿದು ಓಡುತ್ತದೆ. 60 ಹರ್ಟ್ಜ್‌ನ ಪುಲ್ಲಿ (ಬೆಲ್ಟ್ ಸುತ್ತುವ ಪುಟ್ಟ ಗಾಲಿ) ಇರುವ ಯಂತ್ರವನ್ನು ಸಕಲೇಶಪುರದಲ್ಲಿ ಹಾಕಿದರೆ ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ರೆಕಾರ್ಡು 28ಕ್ಕೂ ಕಡಿಮೆ ತಿರುಗುತ್ತದೆ. ಗಾಯಕಿಯ ದನಿ ಗಂಡುದನಿಯಾಗುತ್ತದೆ. ಮೋಟಾರಿನ ತುದಿಯ ಹಿತ್ತಾಳೆ ಪುಲ್ಲಿಯ ಹತ್ತಿರದ ಫೋಟೊ ಕೇಳಿ. 50 ಅಥವಾ 60 ಎಂದು ಕೆಲವದರ ಮೇಲೆ ಕೆತ್ತಿರುತ್ತದೆ. ಕೆಲವು ಮಾರಾಟಗಾರರ ಬಳಿ ಎರಡೂ ಪುಲ್ಲಿಗಳು ಇರುತ್ತವೆ.

ಬೆಲ್ಟಿಲ್ಲದೆ ಮೋಟಾರೇ ನೇರವಾಗಿ ತಟ್ಟೆಯನ್ನು ತಿರುಗಿಸುವ, ಕ್ವಾರ್ಟ್ಜ್ ನಿಯಂತ್ರಣದ ಡೈರೆಕ್ಟ್ ಡ್ರೈವ್ ಯಂತ್ರಗಳಿಗೆ ಈ ತೊಡಕಿಲ್ಲ. ಟೆಕ್ನಿಕ್ಸ್‌ನ ಎಸ್‌ಎಲ್-1200 ಬಂದದ್ದು 1972ರಲ್ಲಿ, ಕ್ವಾರ್ಟ್ಜ್ ಇರುವ ಅದರ ಮಾರ್ಕ್ 2 ಬಂದದ್ದು 1979ರಲ್ಲಿ. ಅಂಥವುಗಳಲ್ಲಿ ವೇಗವನ್ನು ಒಳಗಿನ ಹರಳೇ ಕಾಯುತ್ತದೆ, ವೋಲ್ಟೇಜ್ ಒಂದನ್ನು ಸರಿಪಡಿಸಿಕೊಂಡರೆ ಸಾಕು. ಹಳ್ಳಿಯ ವಿದ್ಯುತ್ತಿಗೆ ನಾನು ಇವನ್ನೇ ಹೇಳುತ್ತೇನೆ. ಬೆಲ್ಟಿನವರು ನನ್ನ ಮೇಲೆ ಬೇಸರಿಸಿಕೊಂಡರೂ ಸರಿ.

ರಿಸೀವರ್ ಬೇಡ. ಜಪಾನಿನ ಎಫ್‌ಎಂ ಪಟ್ಟಿ ಆ ಕಾಲದಲ್ಲಿ 76ರಿಂದ 90 ಮೆಗಾಹರ್ಟ್ಜ್‌ವರೆಗೆ ಮಾತ್ರ ಇತ್ತು. ಹಾಸನ ಆಕಾಶವಾಣಿ 102.2ರಲ್ಲಿದೆ. ಮುಳ್ಳನ್ನು ಎಷ್ಟು ತಿರುಗಿಸಿದರೂ ಅಲ್ಲಿಗೆ ತಲುಪುವುದಿಲ್ಲ.

ಇನ್ನು ಕಸ್ಟಮ್ಸ್. ಬಳಸಿದ ಹಳೆಯ ವಸ್ತುಗಳ ಆಮದು ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧಿತ ವರ್ಗದಲ್ಲಿದೆ, ಪರವಾನಗಿ ಕೇಳಬಹುದು. ‘ಉಡುಗೊರೆ ಎಂದು ಬರೆದು ಕಳಿಸುತ್ತೇವೆ’ ಎನ್ನುವವರನ್ನು ದೂರವಿಡಿ. ಅಂಚೆ ಅಥವಾ ಕೊರಿಯರ್ ಮೂಲಕ ಉಡುಗೊರೆಯ ಹೆಸರಿನಲ್ಲಿ ಸರಕು ತರಿಸುವುದನ್ನು 2019ರ ಡಿಸೆಂಬರಿನಿಂದಲೇ ನಿಷೇಧಿಸಲಾಗಿದೆ. ಸುಂಕ ಹಾಕುವಾಗ ಬೆಲೆಯ ಜೊತೆಗೆ ಸಾಗಣೆ ಮತ್ತು ವಿಮೆಯನ್ನೂ ಸೇರಿಸಿ ಲೆಕ್ಕ ಹಿಡಿಯುತ್ತಾರೆ. ಇದನ್ನೆಲ್ಲ ಕೂಡಿದಾಗ ಆ ಕಾಲುಭಾಗದ ಬೆಲೆ ಎಲ್ಲಿಗೆ ಮುಟ್ಟುತ್ತದೆ ಎಂದು ನೀವೇ ಲೆಕ್ಕ ಹಾಕಬಲ್ಲಿರಿ.

ನನ್ನ ಮಾತು ಕೇಳುವುದಾದರೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಾರುವವರನ್ನು ಹುಡುಕಿ, ರೈಲು ಹತ್ತಿ ಹೋಗಿ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ ಕೊಳ್ಳುವ ಹಾಗೆ ಕೊಳ್ಳಬೇಕಾದ ವಸ್ತು ಇದು. ತಂದೆಯವರ ಸಂಗ್ರಹದಿಂದ ಕೊಳಲಿನದೋ ನಾಗಸ್ವರದ್ದೋ ಒಂದು ರೆಕಾರ್ಡನ್ನು ಜೊತೆಗೆ ಒಯ್ಯಿರಿ. ದೀರ್ಘ ಸ್ವರ ಬಂದಾಗ ಕಣ್ಣು ಮುಚ್ಚಿ ಕೇಳಿ. ಸ್ವರ ಅಲುಗಿದರೆ ಬೆಲ್ಟು, ಬೇರಿಂಗು ಅಥವಾ ಮೋಟಾರು ಸರಿಯಿಲ್ಲ. ಹಾಡಿನ ಅಬ್ಬರದಲ್ಲಿ ಮುಚ್ಚಿಹೋಗುವ ದೋಷ ಅಲ್ಲಿ ಬಯಲಾಗುತ್ತದೆ. ಸೂಜಿಯನ್ನು ಮಾತ್ರ ಹೇಗಿದ್ದರೂ ಹೊಸದು ಹಾಕಿಸಿ. ಸವೆದ ಸೂಜಿ ಒಂದೊಂದು ಸಲವೂ ರೆಕಾರ್ಡಿನ ಗೆರೆಯನ್ನು ಕೆರೆಯುತ್ತದೆ, ಆ ರೆಕಾರ್ಡುಗಳು ಮತ್ತೆ ಸಿಗುವಂಥವಲ್ಲ.

ಪ್ರಶ್ನೆ: ಮಾರುವವರು ತಾವು ಸೇನೆಯಲ್ಲಿದ್ದು ವರ್ಗಾವಣೆಯಾಗಿದೆ ಎನ್ನುತ್ತಾರೆ. ಗುರುತಿನ ಚೀಟಿಯನ್ನೂ ಕಳಿಸಿದ್ದಾರೆ. ಆಂಪ್ಲಿಫೈಯರ್‌ಗೆ ಮುಂಗಡ ಕಳಿಸಿದರೆ ಸೇನೆಯ ಲಾರಿಯಲ್ಲೇ ಬರುತ್ತದಂತೆ. ಒಂದು ಕ್ಯುಆರ್ ಕೋಡ್ ಕಳಿಸಿದ್ದಾರೆ.
— ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಬೇಡ ತಂಗಿ, ಅಲ್ಲಿಗೇ ನಿಲ್ಲಿಸು. ದೇಶದಾದ್ಯಂತ ನಡೆಯುತ್ತಿರುವ ಹಳೆಯ ವಂಚನೆ ಇದು. ಸೇನೆಯ ಮೇಲೆ ನಮಗಿರುವ ಗೌರವವನ್ನೇ ಬಂಡವಾಳ ಮಾಡಿಕೊಂಡಿದ್ದಾರೆ, ಅದಕ್ಕೇ ನನಗೆ ಹೆಚ್ಚು ಸಿಟ್ಟು. ಗುರುತಿನ ಚೀಟಿ ಬೇರೆ ಯಾರದೋ ಆಗಿರುತ್ತದೆ. ಒಂದನ್ನು ನೆನಪಿಡು: ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತುವುದು ಹಣ ಕೊಡಲಿಕ್ಕೆ, ಪಡೆಯಲಿಕ್ಕಲ್ಲ. ‘ಮುಂಗಡ ವಾಪಸು ಹಾಕುತ್ತೇವೆ, ಇದನ್ನು ಸ್ಕ್ಯಾನ್ ಮಾಡಿ’ ಎಂದು ಎರಡನೇ ಸಲ ದೋಚುವುದೂ ಉಂಟು. ಈಗಾಗಲೇ ಹಣ ಹೋಗಿದ್ದರೆ ಈ ಪುಟವನ್ನು ಓದಿ ಮುಗಿಸುವ ಮೊದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡು. ಬೇಗ ತಿಳಿಸಿದಷ್ಟೂ ಹಣವನ್ನು ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು. ಮನೆಯವರಿಗೆ ಹೇಳಲು ಸಂಕೋಚಪಟ್ಟು ಒಂದು ದಿನ ಕಳೆಯಬೇಡ.

ನಿಜವಾದ ಮಾರಾಟಗಾರರನ್ನು ತಿಳಿಯಲು ನಾನು ಹೇಳಿಕೊಡುವ ದಾರಿ ಒಂದಿದೆ. ಫೋಟೊ ಕೇಳಬೇಡ, ಎಲ್ಲೆಲ್ಲಿಂದಲೋ ಎತ್ತಿದ್ದನ್ನು ಕಳಿಸಿಯಾರು. ನಡುವೆ ಕತ್ತರಿಸದ ವಿಡಿಯೊ ಕೇಳು. ಯಂತ್ರದ ಪಕ್ಕದಲ್ಲಿ ಆ ದಿನದ ದಿನಪತ್ರಿಕೆ ಇರಬೇಕು. ಸ್ವಿಚ್ ಹಾಕುವುದರಿಂದ ಶುರುವಾಗಿ ಎಡ, ಬಲ ಸ್ಪೀಕರುಗಳು ಬೇರೆ ಬೇರೆಯಾಗಿ ನುಡಿಯಬೇಕು. ವಾಲ್ಯೂಮ್ ಗುಂಡಿಯನ್ನು ನಿಧಾನವಾಗಿ ತಿರುಗಿಸಬೇಕು. ಆಗ ಕರಕರ ಎಂದರೆ ಹೆದರಬೇಡ, ಒಳಗೆ ಧೂಳು ಕೂತಿರುತ್ತದೆ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಹಾಡು ನಿಲ್ಲಿಸಿದ ಮೇಲೂ ಗುಂಯ್ ಎನ್ನುತ್ತಿದ್ದರೆ ವಿದ್ಯುತ್ತನ್ನು ಕೂಡಿಟ್ಟು ಸಮ ಮಾಡುವ ದೊಡ್ಡ ಕಂಡೆನ್ಸರುಗಳು ಒಣಗಿರುವ ಸಾಧ್ಯತೆ ಹೆಚ್ಚು, ಆ ಖರ್ಚನ್ನು ಬೆಲೆಯಲ್ಲಿ ಇಳಿಸು. ಯಂತ್ರ ಎದುರಿಗಿದ್ದವರಿಗೆ ಇದೆಲ್ಲ ಹತ್ತು ನಿಮಿಷದ ಕೆಲಸ. ಇಲ್ಲದವರು ಏನಾದರೂ ನೆಪ ಹೇಳುತ್ತಾರೆ.

ಪ್ರಶ್ನೆ: ಎಚ್‌ಎಂವಿ ಕಂಪನಿಯ ಹೊಳೆಯುವ ಹಿತ್ತಾಳೆ ಕೊಂಬಿನ ಗ್ರಾಮಫೋನ್, ನೂರು ವರ್ಷ ಹಳೆಯದು ಎನ್ನುತ್ತಾರೆ. ಹರಾಜು ನಾಳೆ ಮುಗಿಯುತ್ತದೆ.
— ಓದುಗರು, ಅರಸೀಕೆರೆ

ಉತ್ತರ: ಮುಗಿಯಲಿ ಬಿಡಿ. ಹಿತ್ತಾಳೆ ಕೊಂಬು, ಎಂಟು ಮೂಲೆಯ ಹೊಸ ಮರದ ಪೆಟ್ಟಿಗೆ, ನಾಯಿಯ ಚಿತ್ರದ ಹೊಸ ಚೀಟಿ ಇವು ಮೂರೂ ಒಟ್ಟಿಗೆ ಕಂಡರೆ ಅದು ನಮ್ಮ ದೇಶದಲ್ಲೇ ಈಚೆಗೆ ಜೋಡಿಸಿದ್ದು. ಹಳೆಯ ಸೂಟ್‌ಕೇಸ್ ಗ್ರಾಮಫೋನಿನ ಮೋಟಾರು ಕಿತ್ತು ಒಳಗೆ ಕೂರಿಸಿರುತ್ತಾರೆ. ಕೀ ಕೊಟ್ಟರೆ ನುಡಿಯುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಆ ಕಾಲದ ನಿಜವಾದ ಕೊಂಬುಗಳು ಹೆಚ್ಚಾಗಿ ಬಣ್ಣ ಬಳಿದ ಉಕ್ಕಿನವು ಅಥವಾ ಮರದವು. ಅಲಂಕಾರಕ್ಕೆ ಬೇಕಿದ್ದರೆ ಅಲಂಕಾರದ ಬೆಲೆ ಕೊಟ್ಟು ಕೊಳ್ಳಿ, ಅದರ ಮೇಲೆ ಎಲ್‌ಪಿ ಮಾತ್ರ ಇಡಬೇಡಿ. ಆ ಉಕ್ಕಿನ ಸೂಜಿ ಒಂದೇ ಸಲಕ್ಕೆ ಎಲ್‌ಪಿಯನ್ನು ಹಾಳುಮಾಡುತ್ತದೆ.

ಪ್ರಶ್ನೆ: ತೋಟದ ಬಂಗಲೆಗಳಿಂದ ಬಂದ ವಾಲ್ವ್ ರೇಡಿಯೊ ಮತ್ತು ದೊಡ್ಡ ಸ್ಪೀಕರುಗಳು ನಮ್ಮ ಕಡೆ ಆಗಾಗ ಹರಾಜಿಗೆ ಬರುತ್ತವೆ. ಒಂದು ರೇಡಿಯೊ ಕೊಂಡಿದ್ದೇನೆ, ಇನ್ನೂ ಸ್ವಿಚ್ ಹಾಕಿಲ್ಲ.
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಹಾಕದೇ ಇದ್ದದ್ದು ಒಳ್ಳೆಯದಾಯಿತು. ಮಲೆನಾಡಿನ ಮಳೆಗಾಲಗಳನ್ನು ಕಂಡ ಸೆಟ್ಟನ್ನು ನೇರವಾಗಿ 230 ವೋಲ್ಟಿಗೆ ಕೊಡಬಾರದು. ಹಿಂದಿನ ರಟ್ಟು ತೆಗೆದರೆ ಒಳಗೆ ಬೂಷ್ಟಿನ ವಾಸನೆ, ಜಿರಳೆಯ ಮೊಟ್ಟೆ, ಇಲಿ ಕಡಿದ ವೈರು ಸಾಮಾನ್ಯ. ವಾಲ್ವ್‌ಗಳು ಹೆಚ್ಚಾಗಿ ಚೆನ್ನಾಗಿಯೇ ಇರುತ್ತವೆ. ಕೆಡುವುದು ಅವುಗಳ ಬುಡದಲ್ಲಿರುವ ಕಾಗದದ ಕಂಡೆನ್ಸರುಗಳು, ಮೇಣ ಕರಗಿ ಸುರಿದಿರುತ್ತದೆ. ಅಲ್ಯುಮಿನಿಯಂ ಡಬ್ಬಿಯ ಫಿಲ್ಟರ್ ಕಂಡೆನ್ಸರಿನ ತಲೆ ಉಬ್ಬಿದ್ದರೆ ಅದೂ ಹೋಯಿತು.

ನಾನು ಮಾಡುವುದು ಹೀಗೆ. ಹಳೆಯ ಕಾಲದ 60 ವ್ಯಾಟಿನ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಸೆಟ್ಟಿಗೆ ಕರೆಂಟು ಕೊಡುತ್ತೇನೆ. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ. ಬಲ್ಬು ಒಮ್ಮೆ ಹೊಳೆದು ಮಂಕಾದರೆ ಮುಂದುವರಿಯಬಹುದು. ಪೂರ್ತಿ ಉರಿದು ಹಾಗೆಯೇ ನಿಂತರೆ ಒಳಗೆ ಶಾರ್ಟ್ ಇದೆ, ಆ ಕ್ಷಣವೇ ತೆಗೆಯಬೇಕು. ಆದರೆ ಇದನ್ನು ನೀವು ಮನೆಯಲ್ಲಿ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಫಿಲ್ಟರ್ ಕಂಡೆನ್ಸರುಗಳಲ್ಲಿ 300 ವೋಲ್ಟಿನ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಉಳಿದಿರುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್ಟುಗಳಲ್ಲಂತೂ ಒಳಗಿನ ತಗಡಿನ ಚೌಕಟ್ಟೇ (ಚಾಸಿ) ನೇರವಾಗಿ ಕರೆಂಟಿನ ಒಂದು ತಂತಿಗೆ ಸೇರಿರುತ್ತದೆ. ಗುಂಡಿ ಕಳಚಿಹೋಗಿ ಬರೀ ಕಬ್ಬಿಣದ ಕಡ್ಡಿ ಉಳಿದಿದ್ದರೆ ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಸ್ಪೀಕರುಗಳ ವಿಷಯ. ಕಾಗದದ ಕೋನಿನ ಸುತ್ತ ಇರುವ ಅಂಚು ಫೋಮಿನದೋ, ರಬ್ಬರಿನದೋ, ಬಟ್ಟೆಯದೋ ಎಂದು ಕೇಳಿ. ಫೋಮು ನಮ್ಮ ತೇವದಲ್ಲಿ ಬದುಕುವುದಿಲ್ಲ, ಬೆರಳು ಸೋಕಿದರೆ ಪುಡಿಯಾಗುತ್ತದೆ. ಅದು ಹೋಗಿದೆ ಎಂಬ ಒಂದೇ ಕಾರಣಕ್ಕೆ ಬಿಡಬೇಕಿಲ್ಲ, ಹೊಸ ಅಂಚು ಅಂಟಿಸಬಹುದು. ಕೋನನ್ನು ಎರಡೂ ಕೈಬೆರಳುಗಳಿಂದ ಸಮವಾಗಿ ಮೆಲ್ಲಗೆ ಒತ್ತಿದಾಗ ಒಳಗೆ ಉಜ್ಜಿದ ಸದ್ದು ಬಂದರೆ ಕೋನನ್ನು ಅಲುಗಿಸುವ ತಂತಿಸುರುಳಿ (ವಾಯ್ಸ್ ಕಾಯಿಲ್) ತಾಗುತ್ತಿದೆ, ಅಂಥದ್ದನ್ನು ಬಿಟ್ಟುಬಿಡಿ.

ಪ್ರಶ್ನೆ: ಎಷ್ಟಕ್ಕೆ ಕೂಗಬೇಕು, ಯಾವಾಗ ಕೂಗಬೇಕು? ಬಂದ ಪೆಟ್ಟಿಗೆ ಒಡೆದಿದ್ದರೆ ಏನು ಗತಿ?
— ಬ್ಯಾಂಕ್ ಉದ್ಯೋಗಿ, ಹಾಸನ

ಉತ್ತರ: ಇಬೇಯಂಥ ತಾಣಗಳಲ್ಲಿ ನೀವು ಕೊಡಬಲ್ಲ ಗರಿಷ್ಠ ಮೊತ್ತವನ್ನು ಒಮ್ಮೆ ನಮೂದಿಸಿದರೆ ಸಾಕು. ಎದುರಾಳಿಗಿಂತ ಒಂದು ಮೆಟ್ಟಿಲು ಮೇಲಿರುವಷ್ಟನ್ನೇ ತಾಣವು ನಿಮ್ಮ ಪರವಾಗಿ ಕೂಗುತ್ತ ಹೋಗುತ್ತದೆ. ಒಟ್ಟು ಖರ್ಚು ಮಾಡಬಲ್ಲ ಹಣದಿಂದ ಸಾಗಣೆ, ಸುಂಕ, ಟ್ರಾನ್ಸ್‌ಫಾರ್ಮರ್, ಸೂಜಿ, ರಿಪೇರಿ ಎಲ್ಲವನ್ನೂ ಕಳೆದು ಉಳಿದದ್ದೇ ನಿಮ್ಮ ಗರಿಷ್ಠ. ಅದನ್ನು ಕಾಗದದ ಮೇಲೆ ಬರೆದು, ಕೊನೆಯ ನಿಮಿಷದಲ್ಲಿ ನಮೂದಿಸಿ. ಮೊದಲೇ ಕೂಗಿದರೆ ಬೆಲೆ ಏರಿಸಿದಂತಾಗುತ್ತದೆ. ಜಪಾನಿನ ಹಲವು ಹರಾಜುಗಳಲ್ಲಿ ಮಾತ್ರ ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಕೂಗಿದರೆ ಅವಧಿ ತಾನಾಗಿ ಮುಂದಕ್ಕೆ ಹೋಗುತ್ತದೆ. ಅಲ್ಲಿ ಆವೇಶಕ್ಕೆ ಬಿದ್ದು ಬರೆದಿಟ್ಟ ಮೊತ್ತವನ್ನು ದಾಟಬೇಡಿ. ಸೋತ ಮೇಲೆ ‘ಗೆದ್ದವರು ಹಿಂದೆ ಸರಿದರು, ನಿಮಗೇ ಕೊಡುತ್ತೇನೆ, ಹಣ ನೇರವಾಗಿ ಕಳಿಸಿ’ ಎಂಬ ಸಂದೇಶ ಬಂದರೆ ಉತ್ತರಿಸಬೇಡಿ. ತಾಣದ ಹೊರಗೆ ಕೊಟ್ಟ ಹಣಕ್ಕೆ ತಾಣದ ರಕ್ಷಣೆ ಇಲ್ಲ. ಇಬೇಯ ಭಾರತದ ತಾಣ 2018ರಲ್ಲೇ ಮುಚ್ಚಿತು, ಹಾಗಾಗಿ ವಿವಾದವಾದರೆ ವ್ಯವಹಾರವೆಲ್ಲ ಹೊರದೇಶದ ತಾಣದೊಂದಿಗೆ. ಹೇಳಿದಂತೆ ವಸ್ತು ಬರದಿದ್ದರೆ ಕೈಸೇರಿದ 30 ದಿನಗಳೊಳಗೆ ದೂರು ಸಲ್ಲಿಸಬೇಕು.

ಪ್ಯಾಕಿಂಗ್ ಬಗ್ಗೆ ಹಣ ಕೊಡುವ ಮೊದಲೇ ಮಾತಾಡಿ. ಕಳೆದ ಮಳೆಗಾಲದಲ್ಲಿ ಒಬ್ಬರು ತಂದ ಟರ್ನ್‌ಟೇಬಲ್ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೇ ಬಿಚ್ಚಿದೆವು. ಹೊರಗಿನ ರಟ್ಟಿಗೆ ಒಂದು ಗೀರೂ ಇರಲಿಲ್ಲ. ಒಳಗೆ ಲೋಹದ ಭಾರವಾದ ತಟ್ಟೆಯನ್ನು ತೆಗೆಯದೆ ಹಾಗೆಯೇ ಬಿಟ್ಟಿದ್ದರು. ದಾರಿಯಲ್ಲಿ ಅದು ಎಗರಿ ಪಾರದರ್ಶಕ ಮುಚ್ಚಳವನ್ನು ಒಡೆದು, ಸೂಜಿಯ ತೋಳಿನ ಬುಡವನ್ನು ಬಗ್ಗಿಸಿತ್ತು. ಮುಚ್ಚಳ ಸಿಕ್ಕೀತು, ಆ ತೋಳಿನ ಕೂದಲೆಳೆಯಷ್ಟು ಸೂಕ್ಷ್ಮವಾದ ಬೇರಿಂಗನ್ನು ಸರಿಪಡಿಸುವ ಉಪಕರಣ ನನ್ನಲ್ಲಿಲ್ಲ. ಆದ್ದರಿಂದ ಮಾರುವವರಿಗೆ ಬರೆದೇ ತಿಳಿಸಿ: ತಟ್ಟೆಯನ್ನು ಕಳಚಿ ಬೇರೆಯಾಗಿ ಸುತ್ತಬೇಕು, ತೋಳಿನ ಹಿಂದಿನ ಭಾರವನ್ನೂ ಸೂಜಿ ಕೂರುವ ಮುಂದಿನ ತಲೆಯನ್ನೂ ತೆಗೆಯಬೇಕು, ತೋಳನ್ನು ಕಟ್ಟಬೇಕು, ಸಾಗಣೆಯ ಸ್ಕ್ರೂಗಳಿದ್ದರೆ ಬಿಗಿಯಬೇಕು, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇರಬೇಕು. ಇದಕ್ಕೆ ಹೆಚ್ಚಿನ ಹಣ ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಪೆಟ್ಟಿಗೆ ಬಂದಾಗ ವಿಳಾಸದ ಚೀಟಿ ಕಾಣುವಂತೆ ವಿಡಿಯೊ ಶುರುಮಾಡಿ, ಕೊನೆಯ ಕಾಗದ ತೆಗೆಯುವವರೆಗೂ ನಿಲ್ಲಿಸಬೇಡಿ. ಒಡೆದದ್ದು ಕಂಡರೆ ರಟ್ಟು, ಥರ್ಮೋಕೋಲ್ ಯಾವುದನ್ನೂ ಎಸೆಯಬೇಡಿ, ವಿಮೆಯವರು ಮೊದಲು ಕೇಳುವುದು ಅವನ್ನೇ.